ಬಾಯಾರು ಪದವಿನಲ್ಲಿ ಆರು ನಿಮಿಷ

ತೂಕದ ಮಿಶಿನು ಹತ್ತುವ ಮೊದಲು
ಚರಿತ್ ಗಟ್ಟಿ ಚಪ್ಪಲಿ ಬಿಡುತ್ತಾನೆ,
ಬೆಲ್ಟು ಬಿಚ್ಚುತ್ತಾನೆ,
ಜೇಬಿನ ಗೋಲಿ, ತುಂಡು ರಬ್ಬರು, ಎರಡು ರೂಪಾಯಿಯ ನಾಣ್ಯ
ನನ್ನ ಮೇಜಿನ ಮೇಲಿಟ್ಟು
ಉಸಿರನ್ನೂ ಪೂರ್ತಿ ಹೊರಬಿಟ್ಟು ನಿಲ್ಲುತ್ತಾನೆ.
ಗಾಳಿಗೂ ತೂಕವುಂಟೆಂದು
ಯಾರೋ ಅವನಿಗೆ ಹೇಳಿದ್ದಾರೆ.

ಐದನೇ ಕ್ಲಾಸು. ಐವತ್ತೆರಡೂವರೆ ಕಿಲೊ.
ಬಾಯಿಬಿಡದೆ ಬರೆದುಕೊಂಡರೂ
ಹಿಂದಿನ ಬೆಂಚಿಗೆ ಕೇಳಿಸುತ್ತದೆ:
"ಗಟ್ಟಿ ಅಲ್ಲ ಮಾರಾಯ, ಮೆತ್ತೆ!"
ಎಲ್ಲರೂ ನಗುತ್ತಾರೆ. ಅವನೂ.

ಹದಿನಾಲ್ಕು ವರ್ಷದಿಂದ ಈ ಕಡೆಯ ಶಾಲೆಗಳಿಗೆ
ಮಿಶಿನು ಹೊತ್ತು ಬರುತ್ತೇನೆ.
ರಿಜಿಸ್ಟರಿನ ತಲೆಬರಹ ಮಲಯಾಳದಲ್ಲಿ,
ಮಕ್ಕಳ ಹೆಸರು ಕನ್ನಡದಲ್ಲಿ,
ಷರಾ ನನ್ನದು:
'ಭಾರ ಹೆಚ್ಚು. ಓಡಿದರೆ ಏದುಸಿರು.
ಎಣ್ಣೆತಿಂಡಿ ಬಿಡಿಸಿ, ಓಡಿಸಿ.'
ಎಷ್ಟು ಹೆಸರಿನ ಮುಂದೆ ಬರೆದೆನೋ,
ಕೈಗೇ ಬಾಯಿಪಾಠ.

ಈ ಸಲ ಆಸ್ಪತ್ರೆಯವರು ಹೊಸತೊಂದು ಕೊಟ್ಟರು:
ಪ್ಲಾಸ್ಟಿಕ್ಕಿನ ಊದುಕೊಳವೆ,
ಊದಿದಷ್ಟು ಮೇಲೇರುವ ಕೆಂಪು ಮುಳ್ಳು.
ಒಮ್ಮೆ ಊದಬೇಕು, ಆರು ನಿಮಿಷ ಓಡಬೇಕು,
ಮತ್ತೆ ಊದಬೇಕು.

ಫೆಬ್ರವರಿಯ ಬೆಳಗು.
ಪದವಿನ ಮೇಲೆ ಮುಳಿಹುಲ್ಲು ಒಣಗಿ ನಿಂತಿದೆ,
ಆಚೆ ಕೋರೆಯ ಮಿಶಿನು ಕೆಂಪುಕಲ್ಲು ಕೊಯ್ಯುತ್ತ
ಧೂಳು ಉಗುಳುತ್ತಿದೆ.
ಊರಿನ ಹೆಸರೇ ಬಾಯಾರು,
ಇನ್ನು ಹೇಳುವುದೇನು?
ಚೆರುವತ್ತೂರಿನಿಂದ ಬಂದ ಬಿಜೇಶ್ ಮಾಶ್
ವಿಸಿಲು ಊದಿ ಕೂಗಿದರು: "ಓಡೆಡಾ!"
ಅದೊಂದಕ್ಕೆ ಅನುವಾದ ಬೇಡ.

ಚರಿತ್ ಎರಡನೇ ಸುತ್ತಿಗೇ ಕೆಂಪಾದ.
ಮೂರನೆಯದರಲ್ಲಿ ಅಂಗಿ ಬೆನ್ನಿಗೆ ಅಂಟಿತು.
ಆಮೇಲೆ ಓಟವೂ ಅಲ್ಲದ ನಡಿಗೆಯೂ ಅಲ್ಲದ
ತನ್ನದೇ ಒಂದು ಲಯದಲ್ಲಿ
ಆರು ನಿಮಿಷ ಮುಗಿಸಿದ.
ಮಿಸ್ರಿಯ ಎಲ್ಲರಿಗಿಂತ ಮುಂದೆ,
ಇನ್ನೂರು ಮೀಟರಿಗೆ ಕಪ್ಪು ತಂದವಳು,
ಇಪ್ಪತ್ತೇಳು ಕಿಲೊ,
ಹಿಡಿಸೂಡಿಯ ಕಡ್ಡಿಯಂಥ ಹುಡುಗಿ.

ಮೊದಲು ಅವನನ್ನೇ ಕರೆದೆ.
ಓಟಕ್ಕೆ ಮುಂಚೆ ಇನ್ನೂರ ಎಪ್ಪತ್ತು,
ಓಡಿದ ಮೇಲೆ ಇನ್ನೂರ ಅರುವತ್ತೈದು.
ಕಾದೆ. ಮತ್ತೆ ಊದಿಸಿದೆ. ಇನ್ನೂರ ಎಪ್ಪತ್ತು.
ಕೊಳವೆ ಕೆಟ್ಟಿದೆಯೆಂದು
ಬಾಯಿತುದಿ ಬದಲಿಸಿ ನಾನೇ ಊದಿ ನೋಡಿದೆ.
ಕೆಟ್ಟಿರಲಿಲ್ಲ.

ಮಿಸ್ರಿಯ: ಮೊದಲು ಇನ್ನೂರ ತೊಂಬತ್ತು,
ಆಮೇಲೆ ಇನ್ನೂರ ಹತ್ತು,
ಹತ್ತು ನಿಮಿಷ ಕಳೆದು ನೂರ ತೊಂಬತ್ತು.
ಗೋಡೆಗೆ ಒರಗಿದ್ದಳು.
ಕತ್ತಿನ ಗುಳಿ ಒಳಗೊಳಗೆ ಸೇದುತ್ತಿತ್ತು,
ಮಫ್ತದ ಅಂಚಿನಿಂದ ಸಣ್ಣ ಸಿಳ್ಳೆ.
ಬಿಜೇಶ್ ಮಾಶರ ವಿಸಿಲಲ್ಲ ಅದು.
"ಎಷ್ಟು ದಿನವಾಯಿತು ಹೀಗೆ?"
ಅವಳಿಗೆ ಪ್ರಶ್ನೆಯೇ ಹಿಡಿಯಲಿಲ್ಲ.
"ಓಡಿದರೆ ಎಲ್ಲರಿಗೂ
ಹೀಗೇ ಆಗುವುದಲ್ಲವಾ ಟೀಚರೇ?"

ನೀಲಿ ಪಂಪು ಎರಡು ಸಲ ಒತ್ತಿಸಿದೆವು, ಡಾಕ್ಟರು ಫೋನಿನಲ್ಲಿದ್ದರು.
ಉಮ್ಮ ಓಡಿಬಂದಳು. ಅವಳ ಮಾತಿನಲ್ಲಿ ಇದು ವಲಿವು,
ನನ್ನದರಲ್ಲಿ ಉಬ್ಬಸ.
ಒಂದು ಎಳೆಯುತ್ತದೆ, ಒಂದು ಉಬ್ಬುತ್ತದೆ,
ನಡುವೆ ಮಗುವಿನ ಎದೆ.

ಗದ್ದಲವೆಲ್ಲ ತಣಿದ ಮೇಲೆ
ಚರಿತ್ ತನ್ನ ಗೋಲಿ ಕೇಳಲು ಬಂದ.
"ಹಾಗಾದರೆ ನನಗೆ ಏನೂ ಇಲ್ಲವಾ?"
ಇಲ್ಲ ಮಗಾ. ಹೊರೆ ಹೊತ್ತು ಗುಡ್ಡ ಹತ್ತಿದವ
ಏದದೆ ಇರುತ್ತಾನೆಯೇ?
ಭಾರ ಇಳಿದರೆ ಹಗುರಾಗುತ್ತದೆ, ಅದೂ ಸುಳ್ಳಲ್ಲ.
ಅಷ್ಟೇ, ಬೇರೆ ರೋಗವಿಲ್ಲ.
ಅವನ ಮುಖ ಯಾಕೋ ಬಾಡಿತು.
ರೋಗವಿದ್ದಿದ್ದರೆ
ಯಾರೂ ನಗುತ್ತಿರಲಿಲ್ಲ.

ಸಂಜೆ ಉಪ್ಪಳದ ಬಸ್ಸಿನಲ್ಲಿ
ರಿಜಿಸ್ಟರು ತೊಡೆಯ ಮೇಲೆ ತೆರೆದೆ.
ಹಳೆಯ ಪುಟಗಳಲ್ಲಿ
ಇಪ್ಪತ್ತಾರು ಕಿಲೊ, ಇಪ್ಪತ್ತೆಂಟು ಕಿಲೊ, ಇಪ್ಪತ್ತೈದೂವರೆ,
ಎದುರಿಗೆ ನನ್ನದೇ ಅಕ್ಷರ:
ಸರಿಯಿದೆ. ಸರಿಯಿದೆ. ಸರಿಯಿದೆ.
ಅವರಲ್ಲಿ ಯಾರು ಯಾರು ಗೋಡೆಗೆ ಒರಗಿದ್ದರೋ
ಕೇಳಿದವಳಲ್ಲ ನಾನು.

ಚರಿತ್‌ನ ಷರಾ ಇನ್ನೂ ಖಾಲಿಯಿತ್ತು.
'ಆರು ನಿಮಿಷ ಓಡಿದ, ನಿಲ್ಲಲಿಲ್ಲ'
ಎಂದು ಬರೆದೆ. ಕಾಲಮ್ಮು ಸಣ್ಣದು,
ಬಸ್ಸು ಬೇರೆ ಕುಲುಕುತ್ತಿತ್ತು.
ಕೊನೆಯ ಶಬ್ದ ಗೆರೆ ದಾಟಿ
ಕೆಳಗಿನ ಹೆಸರಿನ ಮೇಲೆ ಬಿತ್ತು.